ಜಾನ್ ವಿಲಿಯಮ್ಸ್‌ರ 'ಅಗಸ್ಟಸ್': ತಾರೀಕುಗಳು ಹಿಂದೆಮುಂದೆ ಯಾಕೆ? ಯಾವ ಪತ್ರ ನಿಜ?

ಮಾವಿನಕಟ್ಟೆ:
ನಮ್ಮ ಓದುಗರ ಬಳಗ ಈ ಸಲ ಜಾನ್ ವಿಲಿಯಮ್ಸ್ ಅವರ 'ಅಗಸ್ಟಸ್' (1972) ಹಿಡಿದಿದೆ, ರೋಮಿನ ಮೊದಲ ಚಕ್ರವರ್ತಿಯ ಮೇಲಿನ ಕಾದಂಬರಿ. ನಿರೂಪಕ ಅಂತ ಯಾರೂ ಇಲ್ಲ, ಪತ್ರ, ದಿನಚರಿ, ಆತ್ಮಕಥೆಯ ತುಣುಕುಗಳಲ್ಲೇ ಕಥೆ ಸಾಗುತ್ತೆ. ಮೊದಲ ಭಾಗ ಮುಗಿಯಿತು, ತೊಡಕು ಮುಗಿಯಲಿಲ್ಲ. ಕ್ರಿ.ಪೂ. 44ರ ಕಾಗದದ ಪಕ್ಕದಲ್ಲೇ ಮೂವತ್ತು ವರ್ಷ ಆಮೇಲಿನ ಕಾಗದ ಬರುತ್ತೆ. ಒಬ್ಬನೇ ಮನುಷ್ಯ ಒಂದು ಕಡೆ ಆಕ್ಟೇವಿಯಸ್, ಇನ್ನೊಂದು ಕಡೆ ಸೀಸರ್. ಇದರಲ್ಲಿ ನಿಜವಾಗಿ ಸಿಕ್ಕಿದ ಪತ್ರ ಯಾವುದಾದರೂ ಇದೆಯಾ ಅನ್ನೋದೂ ತಿಳಿಯುತ್ತಿಲ್ಲ. "ಎಲ್ಲರೂ ಮಾತಾಡ್ತಾರೆ, ನಾಯಕನೇ ಬಾಯಿ ಬಿಡಲ್ಲ" ಅಂತ ಇಬ್ಬರು ಪುಸ್ತಕ ಕೆಳಗಿಟ್ಟಿದ್ದಾರೆ. ಬಲ್ಲವರು ದಾರಿ ತೋರಿಸಿ.

ತಾಳೆಗರಿ:
ಮೊದಲು ತಾರೀಕಿನ ವಿಷಯ. ಪ್ರತಿ ಕಾಗದದ ತಲೆಯಲ್ಲಿ ಯಾರು, ಯಾರಿಗೆ, ಯಾವ ವರ್ಷ ಅಂತ ಇದೆ. ಅದನ್ನು ಹಾರಿಸಿ ಓದಿದರೆ ಕಥೆ ಕೈತಪ್ಪುತ್ತೆ. ಆಡಿಯೋದಲ್ಲಿ ಕೇಳುವವರಿಗೆ ಈ ಕಷ್ಟ ಇನ್ನೂ ಜಾಸ್ತಿ.

ಮೊದಲ ಭಾಗದಲ್ಲಿ ಎರಡು ಪದರ. ಒಂದು, ಘಟನೆ ನಡೆಯುವಾಗಲೇ ಬರೆದದ್ದು: ರಾಜಕಾರಣಿ, ವಾಗ್ಮಿ ಸಿಸೆರೋನ ಪತ್ರಗಳು, ಆಕ್ಟೇವಿಯಸ್‌ನ ಗೆಳೆಯ ಸಾಲ್ವಿಡಿಯೆನಸ್ ರೂಫಸ್‌ನ ಟಿಪ್ಪಣಿ ಪುಸ್ತಕ. ಇನ್ನೊಂದು, ಎಲ್ಲ ಮುಗಿದ ಮೇಲೆ ನೆನಪಿಸಿಕೊಂಡು ಬರೆದದ್ದು: ಅವನ ಸಲಹೆಗಾರ ಗೆಳೆಯ ಮೆಸೆನಾಸ್ ಇತಿಹಾಸಕಾರ ಲಿವಿಗೆ ಬರೆದ ಪತ್ರಗಳು, ಸೇನಾಪತಿ ಗೆಳೆಯ ಅಗ್ರಿಪ್ಪನ ಆತ್ಮಕಥೆ. ಒಂದು ಚೀಟಿಯಲ್ಲಿ 'ಆಗ', 'ಆಮೇಲೆ' ಅಂತ ಎರಡು ಸಾಲು ಎಳೆದು ಪ್ರತಿ ಕಾಗದವನ್ನೂ ಯಾವುದಾದರೂ ಒಂದರ ಕೆಳಗೆ ಬರೆಯಿರಿ. ಹತ್ತು ಹನ್ನೆರಡು ಕಾಗದ ಆಗುವಷ್ಟರಲ್ಲಿ ಚೀಟಿ ಬೇಡವಾಗುತ್ತೆ.

ಇದು ಗೊಂದಲ ಹುಟ್ಟಿಸೋಕೆ ಮಾಡಿದ್ದಲ್ಲ. ಜೂಲಿಯಸ್ ಸೀಸರ್‌ನ ಕೊಲೆಯ ಸುದ್ದಿ, ಆಕ್ಟೇವಿಯಸ್ ಓದುತ್ತಿದ್ದ ಅಪೊಲೋನಿಯಾಕ್ಕೆ ಮುಟ್ಟುವ ಜಾಗ ಮತ್ತೊಮ್ಮೆ ಓದಿ ನೋಡಿ. ಸಾಲ್ವಿಡಿಯೆನಸ್ ಗೆಳೆಯನ ಪಕ್ಕದಲ್ಲಿ ನಿಂತು, ಮುಂದೇನಾಗುತ್ತೋ ಗೊತ್ತಿಲ್ಲದೆ ಬರೆಯುತ್ತಾನೆ. ಕ್ರಿ.ಪೂ. 40ರಲ್ಲಿ ಅದೇ ಗೆಳೆಯನಿಗೆ ದ್ರೋಹ ಬಗೆದನೆಂದು ಅವನ ಪ್ರಾಣ ಹೋಗುತ್ತೆ. ಮುದುಕ ಮೆಸೆನಾಸ್‌ಗೆ ಅದೆಲ್ಲ ಗೊತ್ತಿದೆ, ಗೊತ್ತಿದ್ದೇ ಬರೆಯುತ್ತಾನೆ. ವರ್ಷದ ಕ್ರಮದಲ್ಲಿ ಜೋಡಿಸಿದ್ದರೆ ಈ ಎರಡು ದನಿ ಅಕ್ಕಪಕ್ಕ ಕೂರುತ್ತಲೇ ಇರಲಿಲ್ಲ.

ಎರಡನೇ ಭಾಗದಲ್ಲೂ ಇದೇ ಹೆಣಿಗೆ. ಅಗಸ್ಟಸ್‌ನ ಮಗಳು ಜೂಲಿಯಾ ಪಾಂಡಟೇರಿಯಾ ದ್ವೀಪದಲ್ಲಿ (ಇವತ್ತಿನ ವೆಂಟೊಟೆನೆ) ಕ್ರಿ.ಶ. 4ರಲ್ಲಿ ಬರೆಯುವ ದಿನಚರಿ ನಡುನಡುವೆ ಬರುತ್ತೆ. ಸುತ್ತಲಿನ ಪತ್ರಗಳು ಅವಳ ಗಡೀಪಾರಿನ ವರ್ಷವಾದ ಕ್ರಿ.ಪೂ. 2ರ ಕಡೆಗೆ ನಡೆಯುತ್ತಾ ಹೋಗುತ್ತವೆ. ಶಿಕ್ಷೆ ಮೊದಲೇ ಗೊತ್ತು, ಅಪರಾಧ ಆಮೇಲೆ ತಿಳಿಯುತ್ತೆ.

ಪುಸ್ತಕ ಕೆಳಗಿಟ್ಟವರಿಗೆ ಹೇಳಿ: ಮೂರನೇ ಭಾಗ ಪೂರ್ತಿ ಅಗಸ್ಟಸ್‌ನದೇ. ಕ್ರಿ.ಶ. 14ರ ಆಗಸ್ಟ್‌ನಲ್ಲಿ ಡಮಾಸ್ಕಸ್‌ನ ಇತಿಹಾಸಕಾರ ನಿಕೊಲಾಸ್‌ಗೆ ಬರೆದ ಒಂದೇ ದೀರ್ಘ ಪತ್ರ. ಅದೇ ತಿಂಗಳ 19ಕ್ಕೆ ಅವನು ನೋಲಾದಲ್ಲಿ ತೀರಿಕೊಂಡ. ಅಲ್ಲಿವರೆಗೆ ಅವನ ಬಗ್ಗೆ ಊರೆಲ್ಲ ಏನಂದಿತು ಅನ್ನೋದಷ್ಟೇ ನಮ್ಮ ಕಿವಿಗೆ ಬೀಳುತ್ತೆ, ಅದರಲ್ಲಿ ಎಷ್ಟು ತಪ್ಪಿತ್ತು ಅಂತ ಇಲ್ಲಿ ಗೊತ್ತಾಗುತ್ತೆ. ಮೊದಲು ಇದನ್ನೇ ಓದಿಬಿಡೋಣ ಅಂತ ಹೊರಟರೆ ಆ ಪೆಟ್ಟು ತಪ್ಪಿಹೋಗುತ್ತೆ.

ಮೂರನೇಸಾಲು:
ಹೆಸರಿನ ಗೊಂದಲಕ್ಕೆ. ಕ್ರಿ.ಪೂ. 63ರಲ್ಲಿ ಹುಟ್ಟಿದಾಗ ಗೈಯಸ್ ಆಕ್ಟೇವಿಯಸ್. 44ರಲ್ಲಿ ಸೀಸರ್‌ನ ಉಯಿಲಿನ ಪ್ರಕಾರ ದತ್ತುಮಗನಾದ ಮೇಲೆ ಗೈಯಸ್ ಜೂಲಿಯಸ್ ಸೀಸರ್. 27ರ ಜನವರಿ 16ರಿಂದ ಅಗಸ್ಟಸ್. ನಡುವಿನ ಕಾಲಕ್ಕೆ ಪಠ್ಯಪುಸ್ತಕಗಳು 'ಆಕ್ಟೇವಿಯನ್' ಅನ್ನುವುದು ಓದುವವರ ಅನುಕೂಲಕ್ಕೆ, ಅವನಾಗಿಯೇ ಇಟ್ಟುಕೊಂಡ ಹೆಸರಲ್ಲ.

ಆದ್ದರಿಂದ ಪತ್ರದಲ್ಲಿ ಅವನನ್ನು ಏನಂತ ಕರೆದಿದ್ದಾರೆ ನೋಡಿದರೆ ಬರೆದವರು ಯಾವ ಪಕ್ಷ ಅಂತ ಅಂದಾಜಾಗುತ್ತೆ. ಇದು ಕಾದಂಬರಿಕಾರರ ಕಲ್ಪನೆಯಲ್ಲ. 44ರ ಏಪ್ರಿಲ್‌ನಲ್ಲಿ ಸಿಸೆರೋ ತನ್ನ ಗೆಳೆಯ ಅಟಿಕಸ್‌ಗೆ ಬರೆದ ನಿಜವಾದ ಪತ್ರ ಉಳಿದಿದೆ: ಹುಡುಗನ ಕಡೆಯವರು ಅವನನ್ನು ಸೀಸರ್ ಅಂತಾರೆ, ಮಲತಂದೆ ಫಿಲಿಪ್ಪಸ್ ಹಾಗನ್ನಲ್ಲ, ಅದಕ್ಕೇ ನಾನೂ ಅನ್ನಲ್ಲ ಅಂತ.

ತಿಂಗಳ ಮೇಲೂ ಕಣ್ಣಿಡಿ. ಆಗಸ್ಟ್‌ಗೆ ಆ ಹೆಸರು ಬಂದದ್ದು ಕ್ರಿ.ಪೂ. 8ರಲ್ಲಿ, ಅದಕ್ಕೆ ಮುಂಚೆ ಸೆಕ್ಸ್‌ಟಿಲಿಸ್. ಈ ಕಾಲದ ಮೇಲೆ ಪತ್ರ ಕಾದಂಬರಿ ಬರೆಯುವವರು ಎಡವುವ ಜಾಗ ಇದು.

ಕಡತ:
ಯಾವುದು ನಿಜ ಅನ್ನೋದಕ್ಕೆ ಲೇಖಕರೇ ಮುನ್ನುಡಿಯಲ್ಲಿ ಲೆಕ್ಕ ಒಪ್ಪಿಸಿದ್ದಾರೆ. ಕಾಗದಗಳು ಬಹುಪಾಲು ಕಲ್ಪನೆ. ಸಿಸೆರೋನ ಪತ್ರಗಳಿಂದ ಕೆಲವು ವಾಕ್ಯ, ಅಗಸ್ಟಸ್ ತಾನೇ ಬರೆಸಿದ ಸಾಧನೆಗಳ ಶಾಸನದಿಂದ ಒಂದಿಷ್ಟು, ಲಿವಿಯ ಕಳೆದುಹೋದ ಸಂಪುಟದ ಒಂದು ತುಣುಕು, ಇಷ್ಟನ್ನು ಮೂಲದಿಂದ ಎತ್ತಿಕೊಂಡಿದ್ದಾರೆ. ಕೆಲವು ಘಟನೆಗಳ ಕ್ರಮವನ್ನೂ ಬದಲಿಸಿದ್ದಾರೆ.

ಅಗಸ್ಟಸ್‌ನ ಅಸಲಿ ಪತ್ರಗಳ ಚೂರುಗಳು ಬೇರೆ ಕಡೆ ಉಳಿದಿವೆ. ಮೊಮ್ಮಗ ಗೈಯಸ್‌ಗೆ ಬರೆದ ಒಂದರಲ್ಲಿ 'ನನ್ನ ಮುದ್ದು ಕತ್ತೆಮರಿ' ಅಂತ ಶುರುಮಾಡುತ್ತಾನೆ, ಅದನ್ನು ಉಳಿಸಿಕೊಟ್ಟವನು ರೋಮಿನ ಲೇಖಕ ಔಲಸ್ ಗೆಲಿಯಸ್. ಜೀವನಚರಿತ್ರೆ ಬರೆದ ಸ್ವೆಟೋನಿಯಸ್ ಹೇಳುವ ಪ್ರಕಾರ ಅಗಸ್ಟಸ್ ಪ್ರತಿ ಪತ್ರಕ್ಕೂ ಬರೆದ ಗಳಿಗೆಯನ್ನು, ರಾತ್ರಿಯಾದರೆ ರಾತ್ರಿಯದನ್ನು, ನಮೂದಿಸುತ್ತಿದ್ದ. ಮುದ್ರೆ ಮೊದಲು ಸ್ಫಿಂಕ್ಸ್, ಆಮೇಲೆ ಅಲೆಕ್ಸಾಂಡರ್, ಕೊನೆಗೆ ತನ್ನದೇ ಮುಖ. ಗುಟ್ಟಿನ ಬರಹಕ್ಕೆ ಎ ಬದಲು ಬಿ, ಬಿ ಬದಲು ಸಿ, ಹೀಗೆ ಒಂದೊಂದೇ ಅಕ್ಷರ ಮುಂದಕ್ಕೆ. ಆಗಿನ ಲ್ಯಾಟಿನ್‌ನ ಕೊನೆಯ ಅಕ್ಷರ ಎಕ್ಸ್ ಬಂದರೆ ಎರಡು ಎ. ಇಂಥ ಗುಟ್ಟನ್ನು ಯಾರಾದರೂ ಒಂದು ಮಧ್ಯಾಹ್ನದಲ್ಲಿ ಒಡೆಯಬಹುದಿತ್ತು ಬಿಡಿ.

ಓದುವಾಗ ಮರೆಯಬಾರದ್ದು ಟಪಾಲಿನ ವೇಗ. ಖಾಸಗಿ ಜನಕ್ಕೆ ಅಂಚೆ ಇರಲಿಲ್ಲ, ಸ್ವಂತ ಆಳು ಅಥವಾ ಆ ಕಡೆ ಹೊರಟ ಗೆಳೆಯನೇ ಗತಿ. ಕ್ರಿ.ಪೂ. 54ರಲ್ಲಿ ಬ್ರಿಟನ್ ತೀರದಿಂದ ಜೂಲಿಯಸ್ ಸೀಸರ್ ಬರೆದದ್ದು ಸಿಸೆರೋಗೆ ತಲುಪಲು ಸುಮಾರು ನಾಲ್ಕು ವಾರ ಹಿಡಿದಿತ್ತು. ಅಂದರೆ ಕಾದಂಬರಿಯಲ್ಲಿ ಯಾರೋ ಬುದ್ಧಿವಾದ ಬರೆಯುವ ಹೊತ್ತಿಗೆ, ಅದನ್ನು ಕೇಳಬೇಕಾದವನು ಆಗಲೇ ಮಾಡಿ ಮುಗಿಸಿರಬಹುದು.

ಸೀಮೆಸುಣ್ಣ:
ನನ್ನದೊಂದು ತಕರಾರು. ಪತ್ರ ಕಾದಂಬರಿಯ ಹಳೇ ರೋಗ "ನಿನಗೆ ಗೊತ್ತೇ ಇರುವಂತೆ" ಅಂತ ಗೊತ್ತಿದ್ದವರಿಗೇ ಇತಿಹಾಸ ಹೇಳೋದು. ಮೆಸೆನಾಸ್ ವಿಷಯದಲ್ಲಿ ವಿಲಿಯಮ್ಸ್ ಜಾಣರು: ಲಿವಿ ಹೆಚ್ಚುಕಮ್ಮಿ ಅದೇ ತಲೆಮಾರಿನವನಾದರೂ ಇತಿಹಾಸ ಬರೆಯುವವನು, ಪ್ರಶ್ನೆ ಕೇಳಿದ್ದಾನೆ, ಹಾಗಾಗಿ ವಿವರಿಸೋಕೆ ಕಾರಣ ಇದೆ. ಅಗ್ರಿಪ್ಪನ ಭಾಗಗಳು ಮಾತ್ರ ಒಣ. ಸಿಪಾಯಿ ಹೀಗೇ ಬರೆಯೋದು ಅಂತ ಸಮರ್ಥಿಸಬಹುದು, ಆದರೂ ಯುದ್ಧದ ಪುಟಗಳಲ್ಲಿ ಆಕಳಿಕೆ ಬರುತ್ತೆ. ಅವನ್ನು ಬೇಗ ದಾಟಿ, ನಷ್ಟವಿಲ್ಲ.

ಹೋಲಿಸಿ ಓದೋದಾದರೆ ಥಾರ್ನ್‌ಟನ್ ವೈಲ್ಡರ್ ಅವರ 'ದಿ ಐಡ್ಸ್ ಆಫ್ ಮಾರ್ಚ್' (1948). ಅದೂ ಪತ್ರಗಳದ್ದೇ, ಜೂಲಿಯಸ್ ಸೀಸರ್ ಮೇಲೆ. ನಾಲ್ಕು ಭಾಗ, ಪ್ರತಿಯೊಂದೂ ಹಿಂದಿನದಕ್ಕಿಂತ ಮುಂಚೆ ಶುರುವಾಗಿ ಆಮೇಲೆ ಮುಗಿಯುತ್ತೆ. ಕ್ರಿ.ಪೂ. 62ರ ಒಂದು ಹಗರಣವನ್ನು 45ಕ್ಕೆ ತಂದಿದ್ದಾರೆ, ಆಗಲೇ ಸತ್ತಿದ್ದ ಕವಿ ಕಟಲ್ಲಸ್ ಅಲ್ಲಿ ಬದುಕಿದ್ದಾನೆ. ಇದು ಇತಿಹಾಸವಲ್ಲ ಅಂತ ಅವರೇ ಮೊದಲಿಗೆ ಹೇಳಿಕೊಂಡಿದ್ದಾರೆ. ಕರಾರುವಾಕ್ಕು ಬೇಕೆನ್ನುವವರಿಗೆ ವಿಲಿಯಮ್ಸ್ ಸರಿ.

ಮಾವಿನಕಟ್ಟೆ:
ಎಲ್ಲರಿಗೂ ಧನ್ಯವಾದ. ಚೀಟಿ ಉಪಾಯ ಇವತ್ತೇ ಬಳಗಕ್ಕೆ ಹಾಕ್ತೀನಿ. ಕೊನೆಯಲ್ಲಿ ಒಬ್ಬ ವೈದ್ಯನ ಪತ್ರ ಇದೆಯಲ್ಲ, ಚರ್ಚೆಗೆ ಅದನ್ನು ಬಿಡಬಹುದಾ?

ತಾಳೆಗರಿ:
ಬಿಡಬೇಡಿ. ಆ ವೈದ್ಯ, ಅಥೆನ್ಸ್‌ನ ಫಿಲಿಪ್ಪಸ್ (ಮಲತಂದೆಯಲ್ಲ, ಬೇರೆಯವನು), ಕ್ರಿ.ಶ. 55ರಲ್ಲಿ ತತ್ವಜ್ಞಾನಿ ಸೆನೆಕಾಗೆ ಬರೆದದ್ದು. ಆಗ ನೀರೋ ಪಟ್ಟಕ್ಕೆ ಬಂದು ಕೆಲವೇ ತಿಂಗಳು, ಸೆನೆಕಾ ಅವನ ಗುರು. ಹೊಸ ದೊರೆಯ ಮೇಲೆ ವೈದ್ಯ ಎಷ್ಟು ಭರವಸೆ ಇಟ್ಟಿದ್ದಾನೆ ನೋಡಿ. ಹತ್ತು ವರ್ಷ ಕಳೆದು, 65ರಲ್ಲಿ, ನೀರೋ ಅಪ್ಪಣೆಯಂತೆ ಸೆನೆಕಾ ತನ್ನ ಪ್ರಾಣ ತಾನೇ ತೆಗೆದುಕೊಳ್ಳಬೇಕಾಯಿತು. ಓದಿ ಮುಗಿಯುವ ತನಕ ಇದನ್ನು ಬಳಗದವರಿಗೆ ಹೇಳಬೇಡಿ.