ಮರು: ರೆಫರಲ್ ಫಾರಂಗೆ ಕನ್ನಡ ಪದ ಬೇಕು (ತುರ್ತು)

ನಿಮ್ಮ ಆಸ್ಪತ್ರೆಯ ಡಾಕ್ಟರು ರೋಗಿಯನ್ನು ಆಯುಷ್ ವಿಭಾಗಕ್ಕೆ (ಆಯುರ್ವೇದ, ಯೋಗ, ಹೋಮಿಯೋಪತಿ ಮುಂತಾದವು) ಕಳಿಸುವಾಗ ಕೊಡುವ ರೆಫರಲ್ ಫಾರಂಗೆ 'ಉಲ್ಲೇಖ' ಅನ್ನಬೇಕೋ 'ಶಿಫಾರಸು' ಅನ್ನಬೇಕೋ ಅಂತ ಕೇಳಿದ್ದೀರಿ. ನಾಳೆ ಅಚ್ಚಿಗೆ ಹೋಗಬೇಕು ಅಂದಿದ್ದೀರಿ, ಹಾಗಾಗಿ ಮೊದಲು ಉತ್ತರ. ತಲೆಬರಹಕ್ಕೆ 'ಕಳಿಸುಚೀಟಿ'. ಆಯುಷ್ ವೈದ್ಯರು ನೋಡಿ ವಾಪಸ್ ಬರೆಯುವ ಕೆಳಭಾಗಕ್ಕೆ 'ಮರುಚೀಟಿ'.

'ಉಲ್ಲೇಖ' ತಪ್ಪು. ಅದು ಸರ್ಕಾರಿ ಪತ್ರದಲ್ಲಿ 'ವಿಷಯ'ದ ಕೆಳಗೆ ಕೂರುವ ಪದ. ಕಾಗದವನ್ನು ಉಲ್ಲೇಖಿಸಬಹುದು, ರೋಗಿಯನ್ನಲ್ಲ.

'ಶಿಫಾರಸು' ಇನ್ನೂ ಕೆಟ್ಟದ್ದು. ಫಾರ್ಸಿಯಿಂದ ಬಂತು ಅಂತ ಅಲ್ಲ. ನಮ್ಮಲ್ಲಿ ಅದಕ್ಕೆ ವಶೀಲಿಯ ವಾಸನೆ ಅಂಟಿಕೊಂಡಿದೆ. ಕಾಯಿಲೆಯವರ ಕೈಯಲ್ಲಿ ಅಂಥ ಪದ ಬೇಡ.

ಜನ ಏನಂತಾರೆ ಕೇಳಿ. 'ಡಾಕ್ಟ್ರು ಮೈಸೂರಿಗೆ ಬರ್ಕೊಟ್ರು.' ಮಾತ್ರೆ ಬರೆದುಕೊಡುವುದಕ್ಕೂ ಮೈಸೂರಿಗೆ ಬರೆದುಕೊಡುವುದಕ್ಕೂ ಇರುವ ವ್ಯತ್ಯಾಸವೆಲ್ಲ ಆ 'ಗೆ' ಅನ್ನುವ ಚತುರ್ಥಿ ವಿಭಕ್ತಿಯಲ್ಲೇ ಇದೆ, ಯಾವ ಸಮಿತಿಯೂ ಕೂತು ಮಾಡಿದ್ದಲ್ಲ. ಕ್ರಿಯಾಪದ ಬೇಕಾದ ಕಡೆ ಇದನ್ನೇ ಹಾಕಿ: 'ಆಯುಷ್ ವಿಭಾಗಕ್ಕೆ ಬರೆದುಕೊಡಲಾಗಿದೆ'.

'ಚೀಟಿ' ಹಿಂದಿಯ ಚಿಟ್ಠಿ, 'ಕಳುಹೋಲೆ' (ಕಳುಹು + ಓಲೆ) ಅನ್ನಿ ಅಂತ ಇಲ್ಲೊಬ್ಬರು ಹಟ ಹಿಡಿದಿದ್ದಾರೆ. ಊರುಗೋಲಿನ ಹಾಗೆ ಸಮಾಸವೇನೋ ಸರಿಯಾಗಿದೆ. ಆದರೆ ಓಲೆ ಮದುವೆಗೆ ಕರೆಯುತ್ತೆ, ಆಸ್ಪತ್ರೆಗಲ್ಲ. ಆ ಚಿಟ್ಠಿಯನ್ನೇ ಇಂಗ್ಲಿಷಿನವರೂ 'ಚಿಟ್' ಅಂತ ಒಯ್ದರು, ಅವರ ನುಡಿ ಬಡವಾಗಲಿಲ್ಲ. ಕೌಂಟರಿನಲ್ಲಿ ನಿಂತ ಅಜ್ಜಿ ಬಾಯಿಬಿಟ್ಟು ಕೇಳಲು ಬರುವ ಪದವೇ ಕನ್ನಡ. ಈ ವಾದ ಇಲ್ಲಿಗೆ ಸಾಕು.

'ಪರ್ಯಾಯ ಚಿಕಿತ್ಸೆ' ಕೂಡ ತೆಗೆಯಿರಿ. ಪರ್ಯಾಯ ಅಂದರೆ ಒಂದರ ಬದಲು ಇನ್ನೊಂದು. ನೀವು ಒಂದರ ಜೊತೆ ಇನ್ನೊಂದು ಮಾಡ್ತಿದ್ದೀರಿ, ಅದು 'ಪೂರಕ'. ಇನ್ನು 'ಅಲೋಪತಿ' ಅನ್ನೋದು ಹೋಮಿಯೋಪತಿ ಹುಟ್ಟುಹಾಕಿದ ಹಾನೆಮಾನ್ ಎದುರು ಪಕ್ಷವನ್ನು ಹಳಿಯಲು ಕಟ್ಟಿದ ಪದ. ಎರಡೂ ಕಡೆಯವರು ಸಹಿ ಹಾಕುವ ಕಾಗದದಲ್ಲಿ ಅದು ಯಾಕೆ? 'ಆಧುನಿಕ ವೈದ್ಯ' ಸಾಕು.

ನೀವು ಕೇಳದ ಒಂದು ಮಾತು. 'ಈಗ ಸೇವಿಸುತ್ತಿರುವ ಔಷಧಗಳು' ಅಂತ ಕಾಲಂ ಇದೆಯಲ್ಲ, ಅಲ್ಲಿ 'ಮದ್ದು' ಹಾಕಿ. ಹಳಗನ್ನಡದ ಮರ್ದು, ತಮಿಳಿನ ಮರುಂದು, ತೆಲುಗಿನ ಮಂದು, ಎಲ್ಲ ಒಂದೇ ಬೇರು. ಔಷಧ ಅಂದರೆ ನಮ್ಮ ಮನೆಯಲ್ಲಿ ಮಾತ್ರೆ, ಟಾನಿಕ್ಕು ಅಷ್ಟೇ ಹೇಳ್ತಾರೆ, ಕಷಾಯ ಲೆಕ್ಕಕ್ಕೇ ಬರಲ್ಲ. ಆದರೆ ಕಷಾಯಕ್ಕೆ ಹಾಕುವ ಜ್ಯೇಷ್ಠಮಧು ಬಹಳ ದಿನ ಜಾಸ್ತಿ ತಗೊಂಡರೆ ಬಿಪಿ ಏರುತ್ತೆ. ಬಿಪಿ ಮಾತ್ರೆ ಕೊಡುವ ಡಾಕ್ಟರಿಗೆ ಅದು ಗೊತ್ತಾಗಬೇಕಲ್ವಾ? 'ಮಾತ್ರೆ, ಕಷಾಯ, ಲೇಹ್ಯ, ನಾಟಿ ಮದ್ದು, ಎಲ್ಲವನ್ನೂ ಬರೆಯಿರಿ' ಅಂತ ಒಂದು ಸಾಲು ಸೇರಿಸಿ.

ಪ್ರೂಫ್ ಇದ್ದರೆ ಇವತ್ತೇ ಕಳಿಸಿ, ರಾತ್ರಿ ಕೂತು ನೋಡಿಕೊಡ್ತೀನಿ.