ಸೆಕೆಂಡ್ ಹ್ಯಾಂಡ್ ಅಲಾಯ್ ವೀಲ್ ಸ್ವಿಫ್ಟ್‌ಗೆ ಕೂರುತ್ತಿಲ್ಲ, ಪಿಸಿಡಿ ಸರಿಯಿದ್ದರೂ ಹೀಗೇಕೆ?

ತುಮಕೂರು_ಸ್ವಿಫ್ಟ್:
ಜೆ.ಸಿ. ರಸ್ತೆಯ ಅಂಗಡಿಯೊಂದರಲ್ಲಿ 15 ಇಂಚಿನ, ನಾಲ್ಕು ತೂತಿನ ಹಳೆಯ ಅಲಾಯ್ ವೀಲ್‌ಗಳ ಸೆಟ್ಟೊಂದಕ್ಕೆ ಮುಂಗಡ ಕೊಟ್ಟು, ಒಂದು ವೀಲನ್ನು ಪರೀಕ್ಷೆಗೆಂದು ಮನೆಗೆ ತಂದಿದ್ದೇನೆ. ಅಂಗಡಿಯವರು ಟೇಪು ಹಿಡಿದು ಪಿಸಿಡಿ (ನಟ್ಟಿನ ತೂತುಗಳ ನಡುಬಿಂದುಗಳು ಸೇರಿ ಆಗುವ ವೃತ್ತದ ವ್ಯಾಸ) 100 ಮಿಲಿಮೀಟರ್ ಎಂದು ತೋರಿಸಿದರು. ನನ್ನ ಸ್ವಿಫ್ಟಿನದೂ 4×100, ಅಂದರೆ ನಾಲ್ಕು ತೂತು, ಪಿಸಿಡಿ 100. ಹೀಗಿದ್ದೂ ವೀಲು ಹಬ್‌ನ (ಕಾರಿನಲ್ಲಿ ವೀಲು ಕೂರುವ ನಡುಭಾಗದ) ಮೇಲೆ ಹೋಗುತ್ತದೆ, ನಟ್ಟುಗಳು ಮಾತ್ರ ಸರಿಯಾಗಿ ಕೂರುವುದಿಲ್ಲ. ಶನಿವಾರದೊಳಗೆ ಉಳಿದ ಹಣ ಕೊಡದಿದ್ದರೆ ಬೇರೆಯವರಿಗೆ ಕೊಡುತ್ತಾರಂತೆ. ಹೊಸದನ್ನೇ ಕೊಳ್ಳಿ ಎಂಬ ಉಪದೇಶ ಬಿಟ್ಟು ಬೇರೆ ಏನಾದರೂ ಇದ್ದರೆ ದಯವಿಟ್ಟು ತಿಳಿಸಿ.

ಹಬ್‌ರಿಂಗ್_ಹನುಮ:
ಇದು ಸೆಂಟರ್ ಬೋರ್, ಅಂದರೆ ವೀಲಿನ ನಡುವಿನ ತೂತಿನ ಸಮಸ್ಯೆ, ಬೇರೇನೂ ಅಲ್ಲ. ಸ್ವಿಫ್ಟಿನ ಹಬ್ 54.1 ಮಿಲಿಮೀಟರ್. ಹೊರಗಿನ ಕಂಪನಿಗಳ ಅಲಾಯ್‌ಗಳಲ್ಲಿ ನಡುವಿನ ತೂತನ್ನು ಎಲ್ಲ ಕಾರುಗಳಿಗೂ ಆಗಲೆಂದು ದೊಡ್ಡದಾಗಿಯೇ ಬಿಟ್ಟಿರುತ್ತಾರೆ, ಎಷ್ಟೋ ವೀಲುಗಳಲ್ಲಿ ಅದು 73.1 ಇರುತ್ತದೆ. ಆ ಅಂತರ ತುಂಬಲು ಸರಿಯಾದ ಅಳತೆಯ ಹಬ್ ರಿಂಗ್ (ಬಳೆ) ಹಾಕಿದರೆ ವೀಲು ತಾನಾಗಿಯೇ ನಡುವಿಗೆ ಬರುತ್ತದೆ.

ಲೇತ್_ರಾಯರು:
ರಿಂಗ್ ಇಲ್ಲದಿದ್ದರೆ 80ರ ವೇಗದಲ್ಲಿ ಸ್ಟೀರಿಂಗ್ ನಡುಗಬಹುದೇ ಹೊರತು ನಟ್ಟು ಕೂರದೇ ಇರಲು ಅದು ಕಾರಣವಲ್ಲ. ಥ್ರೆಡ್ ನೋಡಿ. ಮಾರುತಿಯ ಸ್ಟಡ್ (ಹಬ್‌ನಿಂದ ಹೊರಚಾಚಿದ, ನಟ್ಟು ಹಾಕುವ ತಿರುಪು ಕಡ್ಡಿ) ಎಂ12×1.25, ಅಂದರೆ 12 ಮಿಲಿಮೀಟರ್ ದಪ್ಪ, ಥ್ರೆಡ್ಡಿನ ಅಂತರ 1.25; ಹ್ಯುಂಡೈ ಮತ್ತು ಹೋಂಡಾಗಳದ್ದು ಎಂ12×1.5. ವೀಲಿನ ಜೊತೆ ಬಂದ ನಟ್ಟುಗಳನ್ನು ಸ್ಪ್ಯಾನರ್ ಹಾಕಿ ಬಲವಂತವಾಗಿ ತಿರುಗಿಸಿದರೆ ಸ್ಟಡ್ಡೇ ಹಾಳಾಗುತ್ತದೆ.

ಹಬ್‌ರಿಂಗ್_ಹನುಮ:
ರಾಯರು ಪ್ರತಿ ಚರ್ಚೆಯಲ್ಲೂ ಥ್ರೆಡ್ಡನ್ನೇ ಹಿಡಿದು ಕೂರುತ್ತಾರೆ. ಮೊದಲು ರಿಂಗ್ ಹಾಕಿ ನೋಡಲಿ, ಆಮೇಲೆ ಮಾತಾಡೋಣ.

ಕೆಎ09_ರೇಸರ್:
ನಾನು ನನ್ನ ಸ್ವಿಫ್ಟಿಗೆ 16 ಇಂಚಿನ ವೀಲಿನ ಮೇಲೆ 195/55 ಟೈರು ಹಾಕಿಸಿದ್ದೇನೆ, ರಿಂಗೂ ಇಲ್ಲ, ತೊಂದರೆಯೂ ಇಲ್ಲ. ಮೈಸೂರು ರಸ್ತೆಯಲ್ಲಿ ಬೆಣ್ಣೆಯಂತೆ ಹೋಗುತ್ತದೆ. 15 ಇಂಚಿನ ಹಳೆಯ ಸೆಟ್ಟಿಗೆ ಇಷ್ಟು ತಲೆ ಕೆಡಿಸಿಕೊಳ್ಳುವುದೇಕೆ?

ಗ್ಯಾರೇಜ್_ಗೌಡ:
ರೇಸರ್ ಅವರೇ, ನಿಮ್ಮ ಟೈರಿನ ವ್ಯಾಸ ಸುಮಾರು 621 ಮಿಲಿಮೀಟರ್, ಸ್ವಿಫ್ಟಿನ 185/65 ಆರ್15 ಟೈರಿನದೂ ಹೆಚ್ಚುಕಡಿಮೆ ಅಷ್ಟೇ. ಹಾಗಾಗಿ ನಿಮಗೆ ತೊಂದರೆ ಆಗಲಿಲ್ಲ, ಆದರೆ ಕೇಳಿದವರ ಪ್ರಶ್ನೆ ಟೈರಿನದಲ್ಲ. ತುಮಕೂರಿನ ಸರ್, ಈ ವೀಲುಗಳನ್ನು ಯಾವ ಕಾರಿನಿಂದ ಬಿಚ್ಚಿದ್ದು? ಟೈರಿನ ಮೇಲಿರುವ ಅಳತೆ ಏನು? ನಟ್ಟು ಕೂರುವುದಿಲ್ಲ ಎಂದರೆ ಕೈಯಲ್ಲಿ ತಿರುಗುವುದೇ ಇಲ್ಲವೇ, ಅಥವಾ ಕೊನೆಯವರೆಗೆ ತಿರುಗಿ ಓರೆಯಾಗಿ ನಿಲ್ಲುತ್ತದೆಯೇ? ಈ ಮೂರನ್ನೂ ಹೇಳದೆ ಯಾರೂ ಸರಿಯಾದ ಉತ್ತರ ಕೊಡಲಾರರು.

ತುಮಕೂರು_ಸ್ವಿಫ್ಟ್:
ಕಾರು ಯಾವುದೆಂದು ಕೇಳಿಲ್ಲ, ಪಿಸಿಡಿ ಒಂದೇ ಇದ್ದ ಮೇಲೆ ಅದೇಕೆ ಬೇಕು? ಟೈರು 195/60 ಆರ್15. ನಟ್ಟುಗಳು ನನ್ನ ಕಾರಿನವೇ ಆದ್ದರಿಂದ ಕೈಯಲ್ಲೇ ಸಲೀಸಾಗಿ ತಿರುಗುತ್ತವೆ. ಆದರೆ ಒಂದನ್ನು ಬಿಗಿ ಮಾಡಿದರೆ ಅದರ ಎದುರಿನದು ಓರೆಯಾಗಿ ನಿಲ್ಲುತ್ತದೆ, ಅದನ್ನು ಬಿಗಿ ಮಾಡಲು ಹೋದರೆ ಮೊದಲಿನದು ಸಡಿಲವಾಗುತ್ತದೆ.

ಗ್ಯಾರೇಜ್_ಗೌಡ:
ಹಾಗಾದರೆ ಥ್ರೆಡ್ ಅಲ್ಲ, ಬೋರೂ ಅಲ್ಲ. ಒಂದು ನಟ್ಟು ಕೂತಾಗ ಎದುರಿನದು ಎದ್ದು ನಿಲ್ಲುವುದು ಪಿಸಿಡಿ ಒಂದೆರಡು ಮಿಲಿಮೀಟರ್ ಬೇರೆ ಇದ್ದಾಗಿನ ಲಕ್ಷಣ. ಫಿಯೆಟ್ ಪುಂಟೊ ಮತ್ತು ಲಿನಿಯಾಗಳದ್ದು 4×98, ಆ ಕಾರುಗಳಿಗೆ 195/60 ಆರ್15 ಟೈರೂ ಬರುತ್ತಿತ್ತು. ಟೈರಿನ ಅಳತೆಯೊಂದನ್ನೇ ನಂಬಬೇಡಿ, ವರ್ನಿಯರ್ ಕ್ಯಾಲಿಪರ್ ತಂದು ಅಳೆಯಿರಿ. ವೀಲನ್ನು ಮಗುಚಿ ಹಾಕಿ, ಹಬ್‌ಗೆ ತಾಗುವ ಬದಿಯಲ್ಲಿ ಒಂದು ತೂತಿನ ಹೊರ ಅಂಚಿನಿಂದ ಎದುರಿನ ತೂತಿನ ಒಳ ಅಂಚಿಗೆ ಅಳೆದರೆ ಅದೇ ಪಿಸಿಡಿ. ಟೇಪು ಹಿಡಿದು ಕಣ್ಣಂದಾಜಿನಲ್ಲಿ ನಡುವಿನಿಂದ ನಡುವಿಗೆ ಅಳೆಯುವಾಗ 98 ಮತ್ತು 100ರ ವ್ಯತ್ಯಾಸ ಯಾರಿಗೂ ಗೊತ್ತಾಗದು. ಕಡ್ಡಿಗಳ ಹಿಂಬದಿಯ ಬ್ರೇಕ್ ಧೂಳನ್ನು ಒದ್ದೆ ಬಟ್ಟೆಯಿಂದ ಒರೆಸಿದರೆ ಅಗಲ, ಆಫ್‌ಸೆಟ್ (ವೀಲಿನ ಅಗಲದ ನಡುಗೆರೆಯಿಂದ ಹಬ್‌ಗೆ ತಾಗುವ ಮುಖಕ್ಕಿರುವ ದೂರ), ಪಿಸಿಡಿ ಎಲ್ಲವನ್ನೂ ಅಚ್ಚಿನಲ್ಲೇ ಒತ್ತಿರುವುದು ಎಷ್ಟೋ ಸಲ ಸಿಗುತ್ತದೆ.

ಕೆಎ09_ರೇಸರ್:
ಎರಡು ಮಿಲಿಮೀಟರ್ ತಾನೇ? ವಾಬಲ್ ಬೋಲ್ಟ್ (ಸ್ವಲ್ಪ ಅತ್ತಿತ್ತ ಸರಿಯುವ ಮುಖವಿರುವ ಬೋಲ್ಟ್) ಹಾಕಿಸಿ, ಇಲ್ಲವೇ ಲೇತ್ ಅಂಗಡಿಯಲ್ಲಿ ತೂತನ್ನು ಸ್ವಲ್ಪ ಅರೆಸಿ.

ಲೇತ್_ರಾಯರು:
ಲೇತ್ ಕೆಲಸ ಮಾಡುವವನಾಗಿಯೇ ಹೇಳುತ್ತೇನೆ, ದಯವಿಟ್ಟು ಅರೆಸಬೇಡಿ. ನಟ್ಟಿನ ಶಂಕುವಿನಾಕಾರದ ಮುಖ ಕೂರಲೆಂದು ತೂತಿನಲ್ಲಿ ಅದೇ ಇಳಿಜಾರಿನ ಗುಳಿ ಇರುತ್ತದೆ. ತೂತನ್ನು ಒಂದು ಪಕ್ಕಕ್ಕೆ ಅರೆದರೆ ಆ ಗುಳಿ ಅರ್ಧ ಹೋಗಿ, ನಟ್ಟು ಒಂದೇ ಬದಿಯಲ್ಲಿ ಆತುಕೊಂಡು, ಓಡುತ್ತಾ ಓಡುತ್ತಾ ಸಡಿಲವಾಗುತ್ತದೆ. ವಾಬಲ್ ಬೋಲ್ಟ್ ಇರುವುದು ಫಿಯೆಟ್‌ನಂತೆ ಹಬ್‌ಗೆ ಬೋಲ್ಟ್ ಹಾಕುವ ಕಾರುಗಳಿಗೆ. ಸ್ವಿಫ್ಟಿನ ಹಬ್‌ನಲ್ಲಿ ಸ್ಟಡ್ ಇದೆ, ಅಲ್ಲಿ ಬೋಲ್ಟ್ ಹಾಕುವ ಜಾಗವೇ ಇಲ್ಲ.

ತುಮಕೂರು_ಸ್ವಿಫ್ಟ್:
ಪಕ್ಕದ ವರ್ಕ್‌ಶಾಪಿನಿಂದ ಕ್ಯಾಲಿಪರ್ ತಂದು ಅಳೆದೆ, 98 ಬಂತು. ಧೂಳು ಒರೆಸಿದಾಗ ಹಿಂಬದಿಯಲ್ಲಿ 4×98 ಎಂದು ಒತ್ತಿದ್ದೂ ಕಂಡಿತು, ಸೆಂಟರ್ ಬೋರ್ 58.1. ಅಂಗಡಿಯವರಿಗೆ ಫೋನ್ ಮಾಡಿದರೆ, ಅಷ್ಟು ವ್ಯತ್ಯಾಸಕ್ಕೆ ಏನೂ ಆಗುವುದಿಲ್ಲ, ಗನ್ನಿನಲ್ಲಿ (ನಟ್ಟು ಬಿಗಿಯುವ ಯಂತ್ರದಲ್ಲಿ) ಬಿಗಿ ಮಾಡಿಸಿ ಎನ್ನುತ್ತಾರೆ.

ಹಬ್‌ರಿಂಗ್_ಹನುಮ:
58.1 ಎಂದರೆ ರಿಂಗ್ ಬೇಕಾಗಿತ್ತು ಎಂದು ನಾನು ಹೇಳಿದ್ದು ಸರಿಯೇ ತಾನೇ?

ಗ್ಯಾರೇಜ್_ಗೌಡ:
ರಿಂಗ್ ಹಾಕಿದರೆ ವೀಲು ಸರಿಯಾಗಿ ನಡುವಿಗೆ ಬರುತ್ತದೆ, ಆಗ ನಾಲ್ಕು ನಟ್ಟುಗಳೂ ತಲಾ ಒಂದು ಮಿಲಿಮೀಟರ್ ಓರೆಯಾಗುತ್ತವೆ. ಗನ್ನಿನಲ್ಲಿ ಬಿಗಿ ಮಾಡಿದರೆ ಸ್ಟಡ್ ಬಾಗುತ್ತದೆ, ಹೊರಗಿನಿಂದ ಮಾತ್ರ ಎಲ್ಲವೂ ಕೂತಂತೆ ಕಾಣುತ್ತದೆ. ಮುಂಗಡ ವಾಪಸು ಕೇಳಿ. ಅವರು ಕೊಡದಿದ್ದರೆ ಅದೇ ಹಣಕ್ಕೆ ಬೇರೆ ಸೆಟ್ ತೋರಿಸಲು ಹೇಳಿ, ಮತ್ತು ಆಗ ಆಫ್‌ಸೆಟ್ ಕೂಡ ನೋಡಿ. ಉದಾಹರಣೆಗೆ 5.5ಜೆ ಇಟಿ40 (5.5 ಇಂಚು ಅಗಲ, 40 ಮಿಲಿಮೀಟರ್ ಆಫ್‌ಸೆಟ್) ಇರುವಲ್ಲಿ 6.5ಜೆ ಇಟಿ35 ಹಾಕಿದರೆ ವೀಲಿನ ಹೊರ ಅಂಚು ಸುಮಾರು 18 ಮಿಲಿಮೀಟರ್ ಆಚೆಗೆ ಬರುತ್ತದೆ, ಒಳ ಅಂಚು ಸುಮಾರು 8 ಮಿಲಿಮೀಟರ್ ಸ್ಟ್ರಟ್ಟಿನ (ಸಸ್ಪೆನ್ಷನ್ನಿನ ಕಂಬದ) ಕಡೆಗೆ ಹೋಗುತ್ತದೆ. ಸ್ಟೀರಿಂಗನ್ನು ಪೂರ್ತಿ ಎರಡೂ ಕಡೆ ತಿರುಗಿಸಿ, ಹಿಂದಿನ ಸೀಟಿನಲ್ಲಿ ಮೂವರನ್ನು ಕೂರಿಸಿ, ಟೈರು ಎಲ್ಲೂ ಉಜ್ಜುವುದಿಲ್ಲ ಎಂದು ನೋಡಿದ ಮೇಲೆಯೇ ಹಣ ಕೊಡಿ.

ಪುಂಟೊ_ಧಾರವಾಡ:
ತುಮಕೂರಿನವರೇ, ಆ ಸೆಟ್ಟನ್ನು ನೀವು ಬಿಡುವುದಾದರೆ ನನಗೆ ಬೇಕು. ವೀಲಿನ ಇಟಿ ಸಂಖ್ಯೆಯನ್ನೂ, ಟೈರಿನ ಗೋಡೆಯ ಮೇಲಿನ ನಾಲ್ಕು ಅಂಕಿಗಳ ತಯಾರಿಕೆಯ ಸಂಖ್ಯೆಯನ್ನೂ ತಿಳಿಸಿ. ಅದು 2318 ಎಂದಿದ್ದರೆ 2018ರ 23ನೇ ವಾರದ ಟೈರು, ಅಷ್ಟು ಹಳೆಯದಾದರೆ ನಾನು ವೀಲಿಗೆ ಮಾತ್ರ ಬೆಲೆ ಕಟ್ಟುತ್ತೇನೆ.