ಹಳೇ ಫೈಬರ್ ದೋಣಿಗೆ ಫೋಮ್: ಮೇಸ್ತ್ರಿಗೆ ಕೇಳಿ

ಅಡ್ಮಿನ್: ಗೊರೂರು ಹಿನ್ನೀರು, ಯಗಚಿ, ಭದ್ರಾ ಕಡೆ ದೋಣಿ ಇಟ್ಕೊಂಡಿರೋರು ಬಹಳ ದಿನದಿಂದ ಕೇಳ್ತಿದ್ರಿ. ಹಾಸನದಲ್ಲಿ ಫೈಬರ್ ದೋಣಿ ರಿಪೇರಿ ಮಾಡೋ ಮೇಸ್ತ್ರಿ ಇವತ್ತು ಸಂಜೆ ಉತ್ತರ ಕೊಡ್ತಾರೆ. ವಿಷಯ ಒಂದೇ: ದೋಣಿ ತುಂಬ ನೀರು ತುಂಬಿದ್ರೂ ತಳ ಸೇರದ ಹಾಗೆ ಫೋಮ್ ಹಾಕೋದು.

ಸಕಲೇಶಪುರ: ನಮಸ್ಕಾರ ಮೇಸ್ತ್ರಿಗಳೇ. ತೋಟದ ಕೆರೆಗೆ 12 ಅಡಿ ದೋಣಿ ಇದೆ. ಎಷ್ಟು ಫೋಮ್ ಬೇಕಾಗುತ್ತೆ?

ಮೇಸ್ತ್ರಿ: ನಮಸ್ಕಾರ ಸರ್. ಮೊದಲು ದೋಣಿ ತೂಕ ಹಾಕಿ. ಫೈಬರ್ ನೀರೊಳಗೆ ಹೋದ ಮೇಲೆ ಅದರ ತೂಕದಲ್ಲಿ ಸುಮಾರು ಮೂರನೇ ಒಂದು ಭಾಗ ಮಾತ್ರ ಕೆಳಗೆ ಎಳೆಯುತ್ತೆ. 150 ಕೆಜಿ ದೋಣಿಗೆ 50 ಕೆಜಿ ಅಂತ ಇಟ್ಕೊಳ್ಳಿ. ಮೋಟಾರ್, ಬ್ಯಾಟರಿಗೆ ಪೂರ್ತಿ ತೂಕ ಸೇರಿಸಿ. ಒಂದು ಘನ ಅಡಿ ಫೋಮ್ ಸುಮಾರು 27 ಕೆಜಿ ಎತ್ತುತ್ತೆ. ಬಂದ ಲೆಕ್ಕದ ಎರಡರಷ್ಟು ಹಾಕಿ, ಯಾಕಂದ್ರೆ ನೀರು ತುಂಬಿದ ದಿನ ದೋಣಿ ಹಿಡ್ಕೊಂಡು ಜನಾನೂ ಇರ್ತಾರೆ.

ಬೇಲೂರು: ಥರ್ಮೋಕೋಲ್ ಹಾಕಬಹುದಾ ಅಣ್ಣ?

ಮೇಸ್ತ್ರಿ: ಟಿವಿ ಡಬ್ಬದಲ್ಲಿ ಬರೋ ಬಿಳಿ ಥರ್ಮೋಕೋಲ್ ಬೇಡ. ಕಾಳುಗಳ ಸಂದಿಯಲ್ಲಿ ನೀರು ಹಿಡಿಯುತ್ತೆ. ಪೆಟ್ರೋಲ್ ತಗುಲಿದ್ರೂ ಕರಗುತ್ತೆ, ಫೈಬರ್ ಕೆಲಸಕ್ಕೆ ಹಚ್ಚೋ ಪಾಲಿಯೆಸ್ಟರ್ ರೆಸಿನ್ ಬಿದ್ರೂ ಕರಗುತ್ತೆ. ತಾರಸಿಗೆ ಬಿಸಿಲು ತಡೆಯೋಕೆ ಹಾಕೋ ಗಟ್ಟಿ ಎಕ್ಸ್‌ಪಿಎಸ್ ಶೀಟ್ ತನ್ನಿ. 4 ಅಡಿ ಉದ್ದ, 2 ಅಡಿ ಅಗಲ, 2 ಇಂಚು ದಪ್ಪದ್ದು ಒಂದು ಶೀಟ್ 35 ಕೆಜಿ ಎತ್ತುತ್ತೆ. ಇದಕ್ಕೂ ಪೆಟ್ರೋಲ್, ಪಾಲಿಯೆಸ್ಟರ್ ಆಗಲ್ಲ. ದಪ್ಪ ಪ್ಲಾಸ್ಟಿಕ್ ಸುತ್ತಿ, ಇಲ್ಲಾಂದ್ರೆ ಎಪಾಕ್ಸಿ ಹಚ್ಚಿ.

ಚಿಕ್ಕಮಗಳೂರು: 8 ಎಚ್‌ಪಿ ಮೋಟಾರ್ ಸೆಕೆಂಡ್ ಹ್ಯಾಂಡ್ ಎಲ್ಲಾದ್ರೂ ಇದ್ಯಾ?

ಅರಸೀಕೆರೆ: ಇದು ಬಂದಿದೆ, ನೋಡಿ: "ಥರ್ಮೋಕೋಲನ್ನು ಪೆಟ್ರೋಲಿನಲ್ಲಿ ಕರಗಿಸಿ ಹಚ್ಚಿ, ದೋಣಿ, ಟ್ಯಾಂಕ್ ಯಾವುದೂ ಜನ್ಮದಲ್ಲಿ ಸೋರುವುದಿಲ್ಲ. ಎಲ್ಲರಿಗೂ ಕಳಿಸಿ."

ಮೇಸ್ತ್ರಿ: ದಯವಿಟ್ಟು ಯಾರಿಗೂ ಕಳಿಸಬೇಡಿ. ಪೆಟ್ರೋಲಿನಲ್ಲಿ ಕರಗಿದ್ದು ಒಣಗಿದ ಮೇಲೂ ಪೆಟ್ರೋಲ್ ಬಿದ್ರೆ ಮತ್ತೆ ಕರಗುತ್ತೆ. ಮೋಟಾರ್ ದೋಣಿಯಲ್ಲಿ ಪೆಟ್ರೋಲ್ ಚೆಲ್ಲದ ದಿನ ಇರುತ್ತಾ? ಶೆಡ್ಡಿನೊಳಗೆ ಬಕೆಟ್ ಪೆಟ್ರೋಲ್ ಇಟ್ಕೊಂಡು ಕಲಸೋವಾಗ ಒಂದು ಕಿಡಿ ಸಾಕು.

ಅರಕಲಗೂಡು: ಮೇಸ್ತ್ರಿ ಅಣ್ಣ, ನಂದು 14 ಅಡಿ ದೋಣಿ, ಹಳೇದು ತಂದಿದ್ದು. ತಳದಲ್ಲಿ ಫೋಮ್ ಇದೆ ಅಂದಿದ್ರು. ತಂದಾಗ ನಾಲ್ಕು ಜನ ಎತ್ತಿ ಟ್ರಾಲಿಗೆ ಹಾಕಿದ್ವಿ, ಈಗ ಏಳು ಜನ ಬೇಕು. ನೆಲ ತುಳಿದ್ರೆ ಮೆತ್ತಗಿದೆ. ಅದರ ಮೇಲೇ ಇನ್ನೊಂದಷ್ಟು ಫೋಮ್ ಸುರಿದು ಫೈಬರ್ ಮ್ಯಾಟ್ ಹೊಡೆದುಬಿಡೋಣ ಅಂತಿದ್ದೀನಿ. ದಸರಾ ರಜೆಗೆ ಅಕ್ಕನ ಮಕ್ಕಳು ಬರ್ತಾರೆ. ನೀರು ತುಂಬಿದಾಗ ಗೊರೂರು ಹಿನ್ನೀರಿನ ಶೆಟ್ಟಿಹಳ್ಳಿ ಚರ್ಚ್ ಹತ್ರ ಸುತ್ತಾಡಿಸಬೇಕು.

ಮೇಸ್ತ್ರಿ: ಸುರಿಯಬೇಡಿ. ಮಿಕ್ಕ ಪ್ರಶ್ನೆ ಆಮೇಲೆ ನೋಡ್ತೀನಿ, ಮೊದಲು ಇದು.

ನಿಮ್ಮ ಫೋಮ್ ನೀರು ಕುಡಿದಿದೆ. ಹೋದ ವರ್ಷ ಇಂಥದ್ದೇ ಒಂದು ದೋಣಿ ನೆಲ ಬಿಚ್ಚಿದೆ. ಮೇಲಿನ ಎರಡು ಇಂಚು ಫೋಮ್ ಒಣಗಿ ಹಳದಿಯಾಗಿತ್ತು, ನೋಡಿದ್ರೆ ಚೆನ್ನಾಗಿದೆ ಅನ್ಸೋದು. ಗರಗಸದಲ್ಲಿ ಒಂದು ತುಂಡು ಕೊಯ್ದು ತೆಗೆದೆ. ಅದರ ಕೆಳಭಾಗ ಕಾಫಿ ಬಣ್ಣ. ಅಂಗೈಯಲ್ಲಿಟ್ಟು ಹಿಂಡಿದೆ, ಮೊಣಕೈ ತನಕ ನೀರು ಇಳಿಯಿತು, ಕೊಚ್ಚೆ ವಾಸನೆ. ತಳದಲ್ಲಿ ನೀರು ಹರಿದು ಹೋಗೋಕೆ ಒಂದು ಬೆರಳು ದಾರಿ ಬಿಟ್ಟಿರಲಿಲ್ಲ. ಒಳ್ಳೇ ಫೋಮೂ ವರ್ಷಗಟ್ಟಲೆ ನೀರಲ್ಲಿ ಕೂತ್ರೆ ಕುಡಿಯುತ್ತೆ. ಅಂಥ ಫೋಮ್ ನಿಮ್ಮನ್ನ ಎತ್ತಲ್ಲ, ನೀವು ಅದನ್ನ ಹೊತ್ಕೊಂಡು ತಿರುಗ್ತೀರಿ.

ಪರೀಕ್ಷೆ ಹೀಗೆ ಮಾಡಿ. 8 ಎಂಎಂ ಡ್ರಿಲ್ ಬಿಟ್ಟಿಗೆ ಅಳತೆ ನೋಡಿ ಟೇಪ್ ಸುತ್ತಿ, ತಳ ತೂತಾಗಬಾರದು. ನೆಲದ ತಗ್ಗಾದ ಕಡೆ ಒಂದು ತೂತು ಹಾಕಿ. ಪುಡಿ ಒದ್ದೆ ಬಂದ್ರೆ ನೆಲ ಬಿಚ್ಚಿ, ಅಷ್ಟೂ ಕೆರೆದು ತೆಗೀರಿ.

ಇನ್ನೊಂದು ವಿಷಯ, ನನಗೆ ಭಯ ಇರೋದು ಇದರಲ್ಲೇ. ಫೋಮೆಲ್ಲ ತಳದಲ್ಲೇ ಇದ್ರೆ, ದೋಣಿಗೆ ನೀರು ತುಂಬಿದಾಗ ಫೋಮ್ ಮೇಲಕ್ಕೆ ಬರೋಕೆ ನೋಡುತ್ತೆ, ದೋಣಿ ಮಗುಚುತ್ತೆ. ಮಕ್ಕಳು ಅದರ ಅಡಿಗೆ ಸಿಗ್ತಾರೆ. ಅರ್ಧಕ್ಕಿಂತ ಹೆಚ್ಚು ಫೋಮ್ ಎರಡೂ ಬದಿಯ ಅಂಚಿನ ಕೆಳಗೆ ಎತ್ತರದಲ್ಲಿ ಇರಲಿ. ಮೋಟಾರ್ ಭಾರಕ್ಕೆ ಹಿಂದಿನ ಎರಡು ಮೂಲೆಗೂ ಹಾಕಿ. ಆಗ ನೀರು ತುಂಬಿದ್ರೂ ದೋಣಿ ಮಟ್ಟಸವಾಗಿ ನಿಲ್ಲುತ್ತೆ.

ಎರಡು ಡಬ್ಬದ ದ್ರವ ಕಲಸಿದ್ರೆ ಉಬ್ಬೋ ಪಿಯು (ಪಾಲಿಯುರೆಥೇನ್) ಫೋಮ್ ಸುರಿಯೋದಾದ್ರೆ, ಒಂದು ಘನ ಅಡಿಗೆ ಸುಮಾರು 900 ಗ್ರಾಂ ಮಿಶ್ರಣ ಹಿಡಿಯುತ್ತೆ. ಎಲ್ಲ ಒಟ್ಟಿಗೆ ಕಲಸಬೇಡಿ, ಒಳಗೇ ಕಾದು ಸುಡುತ್ತೆ. ಸ್ವಲ್ಪ ಸುರಿದು, ಉಬ್ಬಿ ತಣ್ಣಗಾದ ಮೇಲೆ ಇನ್ನಷ್ಟು. ಅದರ ಹಬೆ ಶ್ವಾಸಕೋಶಕ್ಕೆ ಕೆಟ್ಟದ್ದು. ಟವೆಲ್ ಕಟ್ಕೊಂಡ್ರೆ ಸಾಲದು, ಹಬೆ ಸೋಸೋ ಡಬ್ಬಿ ಇರೋ ಕಾರ್ಟ್ರಿಜ್ ಮಾಸ್ಕ್ ಬೇಕು, ಬಯಲಲ್ಲಿ ಮಾಡಿ. ಒದ್ದೆ ಜಾಗಕ್ಕೆ ಸುರಿದ್ರೆ ಫೋಮ್ ಕೆಡುತ್ತೆ, ಅದಕ್ಕೇ ಮಳೆ ಹಿಡಿಯೋಕೆ ಮುಂಚೆ ಮುಗಿಸಿ.

ಮೂಡಿಗೆರೆ: ಬಾಗಿಲ ಚೌಕಟ್ಟಿಗೆ ಹೊಡೆಯೋ ಸ್ಪ್ರೇ ಕ್ಯಾನ್ ಫೋಮ್?

ಮೇಸ್ತ್ರಿ: ಬೇಡ. ಅದು ಗಾಳಿಯ ತೇವದಲ್ಲಿ ಗಟ್ಟಿಯಾಗೋದು. ಮುಚ್ಚಿದ ಪೆಟ್ಟಿಗೆಯೊಳಗೆ ಹಸಿಯಾಗೇ ಉಳಿಯುತ್ತೆ.

ಕೊಣನೂರು: ಇಷ್ಟೆಲ್ಲ ಯಾಕ್ರೀ? ನಮ್ಮಜ್ಜ ಐವತ್ತು ವರ್ಷ ಹರಿಗೋಲು ಹಾಕಿದ್ರು. ಬಿದಿರು, ಚರ್ಮ, ಅಷ್ಟೇ. ಯಾವ ಫೋಮೂ ಇರಲಿಲ್ಲ.

ಮೂಡಿಗೆರೆ: ಬಿದಿರು ತಾನಾಗೇ ತೇಲುತ್ತೆ ಗೌಡ್ರೇ. ಫೈಬರ್ ತೇಲಲ್ಲ. ನಿಮ್ಮಜ್ಜನ ಹರಿಗೋಲಿಗೆ ಮೋಟಾರ್ ಇತ್ತಾ?

ಕೊಣನೂರು: ನೀರಿನ ಗುಣ ಗೊತ್ತಿದ್ರೆ ಯಾವುದೂ ಬೇಡ. ತೋಟದ ಕೆರೆಯಲ್ಲಿ ಹುಟ್ಟು ಹಾಕೋರು ಹೊಳೆ ವಿಷಯ ಮಾತಾಡಬೇಡಿ.

ಮೂಡಿಗೆರೆ: ಹೊಳೆ ಗೊತ್ತಿದ್ದೋರೂ ಮುಳುಗಿದ್ದಾರೆ. ಬಾಯಿಗೆ ಬಂದಂಗೆ ಮಾತಾಡಬೇಡಿ.

ಕೊಣನೂರು: ಯಾರ್ರೀ ಬಾಯಿಗೆ ಬಂದಂಗೆ ಮಾತಾಡಿದ್ದು? ನಿಮಗಿಂತ ಮುಂಚೆ ನೀರಿಗಿಳಿದೋನು ನಾನು.

ಅಡ್ಮಿನ್: ಇಬ್ಬರೂ ನಿಲ್ಲಿಸಿ. ಜಗಳ ಬೇರೆ ಕಡೆ ಇಟ್ಕೊಳ್ಳಿ.

ಮೇಸ್ತ್ರಿ: ಗೌಡ್ರೇ, ಹರಿಗೋಲಿನ ಬಗ್ಗೆ ನನಗೆ ಗೌರವ ಇದೆ. ಆದ್ರೆ ಹಿನ್ನೀರಿನ ಅಡಿಯಲ್ಲಿ ಮುಳುಗಿದ ಊರಿನ ಗೋಡೆ, ಮರದ ಬೊಡ್ಡೆ ಇವೆ. ಮೋಟಾರ್ ವೇಗದಲ್ಲಿ ಫೈಬರ್ ತಾಗಿದ್ರೆ ಸೀಳುತ್ತೆ. ನೀರು ಬಲ್ಲೋರಿಗೂ ಆಗ ಕೈಗೆ ಹಿಡಿಯೋಕೆ ಏನಾದ್ರೂ ಬೇಕು.

ತರೀಕೆರೆ: ಖಾಲಿ ನೀರಿನ ಬಾಟಲಿ ತುಂಬಿದ್ರೆ ಖರ್ಚೇ ಇಲ್ಲ ಅಂತ ವಿಡಿಯೋ ಬಂದಿದೆ.

ಮೇಸ್ತ್ರಿ: ಒಂದು ಲೀಟರ್ ಬಾಟಲಿ ಸುಮಾರು ಒಂದು ಕೆಜಿ ಮಾತ್ರ ಎತ್ತುತ್ತೆ. 100 ಕೆಜಿಗೆ ಸುಮಾರು ನೂರು ಬಾಟಲಿ ಬೇಕು. ಮುಚ್ಚಳ ಸಡಿಲಾಗುತ್ತೆ, ಕಟ್ಟದಿದ್ರೆ ಎಲ್ಲ ಒಂದೇ ಬದಿಗೆ ಸೇರುತ್ತೆ. ವಿಡಿಯೋ ಮಾಡಿದೋರು ಆ ದೋಣಿಗೆ ನೀರು ತುಂಬಿಸಿ ತೋರಿಸಿದ್ದಾರಾ?

ಹೊಳೆನರಸೀಪುರ: ಸಾರ್ ಥರ್ಮೋಕೋಲ್ ನಡೆಯುತ್ತಾ?

ಮೇಸ್ತ್ರಿ: ಮೇಲೆ ಇದೆ.

ಕಡೂರು: ಒಟ್ಟು ಖರ್ಚು ಎಷ್ಟಾಗಬಹುದು?

ಚಿಕ್ಕಮಗಳೂರು: ಮೋಟಾರ್ ಬಗ್ಗೆ ಯಾರೂ ಹೇಳಲಿಲ್ಲ.

ಬೇಲೂರು: ಥರ್ಮೋಕೋಲಿಗೆ ಪ್ಲಾಸ್ಟಿಕ್ ಸುತ್ತಿದ್ರೂ ಆಗಲ್ವಾ?

ಮೇಸ್ತ್ರಿ: ಆಗಲೇ ಬೇಡ ಅಂದೆ. ಓದಿ ಕೇಳಿ.

ಬೇಲೂರು: ಕೇಳಿದ್ದಕ್ಕೆ ಇಷ್ಟು ಸಿಟ್ಟು ಯಾಕೆ?

ಅರಕಲಗೂಡು: ಅಣ್ಣ, ಈಗಷ್ಟೇ ತೂತು ಹಾಕಿದೆ. ಪುಡಿ ಬರಲೇ ಇಲ್ಲ, ಬಿಟ್ಟಿನ ಸುತ್ತ ಕಂದು ನೀರು ಉಕ್ಕಿತು. ಇನ್ನೂ ಜಿನುಗ್ತಿದೆ.

ಮೇಸ್ತ್ರಿ: ಹಾಗಿದ್ರೆ ಹಿಂದೆ ಮೋಟಾರ್ ಕಚ್ಚೋ ಹಲಗೆಗೂ ಒಳಗಡೆಯಿಂದ ಒಂದು ತೂತು ಹಾಕಿ. ಒದ್ದೆ, ಕಪ್ಪು ಹೊಟ್ಟು ಬಂದ್ರೆ ಅದೂ ಕೊಳೆತಿದೆ, ಮೋಟಾರ್ ಸಮೇತ ಕಿತ್ತು ಬರುತ್ತೆ. ಎಲ್ಲ ಹೊಸದಾಗಿ ಮಾಡಿದ ಮೇಲೆ ಮಕ್ಕಳನ್ನ ಕೂರಿಸೋಕೆ ಮುಂಚೆ ಸೊಂಟದುದ್ದ ನೀರಲ್ಲಿ ತಳದ ತೂತಿನ ಬೂಚು ತೆಗೆದು ಪೂರ್ತಿ ನೀರು ತುಂಬಿಸಿ ನೋಡಬೇಕು. ಲೈಫ್ ಜಾಕೆಟ್ ಮಕ್ಕಳ ಅಳತೆದೇ ತನ್ನಿ. ಭಾನುವಾರ ನಾನೇ ಬರ್ತೀನಿ, ಅಲ್ಲೀವರೆಗೂ ನೀರಿಗಿಳಿಸಬೇಡಿ.